ಸುರಪುರದ ಟೇಲರ್ ಮಂಜಿಲ್ ನೋಡಲು ಹೋಗುವವರಿಗೆ

ಸುರಪುರಕ್ಕೆ ಹೋದರೆ ಮೊದಲು ಅರಮನೆ ಕಡೆ ಹೋಗಿ, ಆಮೇಲೆ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಹತ್ತಿ. ನಾವು ಹಾಗೇ ನೋಡಿದೆವು. ಆ ಬಂಗಲೆಯ ಅರ್ಧ ಕಥೆ ಇರುವುದು ಅರಮನೆಯಲ್ಲೇ. ಅದು ಗೊತ್ತಿಲ್ಲದೆ ಹೋದರೆ ಸುಮ್ನೆ ಒಂದು ಹಳೆ ಕಟ್ಟಡ ನೋಡಿ ಬಂದಂತಾಗುತ್ತದೆ.

ರೈಲಿಗೆ ಬರುವವರು ಯಾದಗಿರಿಯಲ್ಲಿ ಇಳಿದು ಶಹಾಪುರ ಮಾರ್ಗದ ಬಸ್ ಹಿಡಿಯಿರಿ. 50 ಕಿ.ಮೀ.ಗಿಂತ ಜಾಸ್ತಿ ದಾರಿ. ಶಹಾಪುರದ ಹತ್ತಿರ ಬುದ್ಧ ಮಲಗಿದಂತೆ ಕಾಣುವ ಬೆಟ್ಟವಿದೆ, ಕಿಟಕಿಯಿಂದ ಹೊರಗೆ ನೋಡುತ್ತಿರಿ. ಏಪ್ರಿಲ್, ಮೇ ಮಾತ್ರ ಬೇಡ. 40 ಡಿಗ್ರಿ ದಾಟಿದ ಬಿಸಿಲಿಗೆ ಬಂಡೆಗಳು ಕಾದಿರುತ್ತವೆ.

ಫಿಲಿಪ್ ಮೆಡೋಸ್ ಟೇಲರ್ ನಿಜಾಮರ ಸೇವೆಯಲ್ಲಿದ್ದ ಇಂಗ್ಲಿಷ್ ಅಧಿಕಾರಿ. 1841ರಲ್ಲಿ ಇಲ್ಲಿಗೆ ಬಂದರು. ಆಗ ಸುರಪುರ ಸಂಸ್ಥಾನದ ರಾಜಾ ವೆಂಕಟಪ್ಪ ನಾಯಕರು ಇನ್ನೂ ಚಿಕ್ಕ ಹುಡುಗ. ಸಂಸ್ಥಾನದ ಆಡಳಿತ, ಹುಡುಗನ ಓದು ಎರಡನ್ನೂ ಟೇಲರ್ ನೋಡಿಕೊಂಡರು. ಹುಡುಗ ಅವರನ್ನು 'ಅಪ್ಪಾ' ಅಂತಲೇ ಕರೆಯುತ್ತಿದ್ದ. ಈ ಬಂಗಲೆ ಎದ್ದದ್ದು 1844ರಲ್ಲಿ. 1853ರಲ್ಲಿ ಟೇಲರ್ ಆಡಳಿತವನ್ನು ರಾಜರಿಗೆ ಒಪ್ಪಿಸಿ ಹೊರಟರು.

ಐದೇ ವರ್ಷ. 1858ರಲ್ಲಿ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ತಿರುಗಿಬಿದ್ದು ಸೆರೆಯಾದರು. ಟೇಲರ್ ಸೆರೆಮನೆಗೇ ಹೋಗಿ ರಾಜರನ್ನು ಕಂಡರು. ನೇಣು ಬೇಡ, ನಾನು ಕಳ್ಳನಲ್ಲ, ಬೇಕಾದರೆ ತೋಪಿನ ಬಾಯಿಗೆ ಕಟ್ಟಿ ಹಾರಿಸಲಿ ಎಂದು ರಾಜರು ಹೇಳಿದ್ದನ್ನು ಟೇಲರ್ ಬರೆದಿಟ್ಟಿದ್ದಾರೆ. ಮರಣದಂಡನೆ ರದ್ದಾಯಿತು. ಆದರೆ ಸೆರೆವಾಸಕ್ಕೆಂದು ತಮಿಳುನಾಡಿನ ಚೆಂಗಲ್ಪಟ್ಟುವಿಗೆ ಒಯ್ಯುವಾಗ ದಾರಿಯಲ್ಲೇ ಗುಂಡು ತಗುಲಿ ತೀರಿಕೊಂಡರು. ಇನ್ನೂ ಇಪ್ಪತ್ತರ ಹರೆಯ! ಗುಡ್ಡದ ಮೇಲೆ ನಿಂತು ಊರು ನೋಡುವಾಗ ನನಗೆ ಟೇಲರ್‌ಗಿಂತ ಆ ಹುಡುಗನೇ ಜಾಸ್ತಿ ನೆನಪಾದ. ಮಕ್ಕಳನ್ನು ಕರೆದೊಯ್ದರೆ ಈ ಕಥೆಯನ್ನು ಅಲ್ಲೇ ಕೂತು ಹೇಳಿ.

ಬಂಗಲೆ ಸರ್ಕಾರಿ ಅತಿಥಿಗೃಹವಾಗಿ ಬಳಕೆಯಲ್ಲಿರುವ ಕಟ್ಟಡ. ಹಾಗಾಗಿ ಒಳಗೆ ಹೋಗುವ ಮುಂಚೆ ಅಲ್ಲಿರುವವರನ್ನು ಕೇಳಿ. ಯಾರಾದರೂ ತಂಗಿದ್ದರೆ ಹೊರಗಿನಿಂದಲೇ ನೋಡಿ ಬನ್ನಿ. ಬೆಳಿಗ್ಗೆ ಬೇಗ ಹೋದರೆ ಚೆನ್ನ. ಗೋಡೆ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಸ್ವಂತ ಗಾಡಿ ಇದ್ದವರು ಬೋನಾಳ ಕೆರೆಗೂ ಹೋಗಿ. ಚಳಿಗಾಲದಲ್ಲಿ ಹಕ್ಕಿಗಳು ತುಂಬಿರುತ್ತವೆ. ಇನ್ನೂ ಸಮಯ ಉಳಿದರೆ ರಾಜನಕೋಳೂರಿನ ಬೃಹತ್ ಶಿಲಾಯುಗದ ಕಲ್ಲುಗೋರಿಗಳಿವೆ. ಅವುಗಳ ಬಗ್ಗೆಯೂ ಟೇಲರ್ ಬರೆದಿದ್ದಾರೆ. ಆ ಕಡೆ ಹೋಗುವುದಾದರೆ ನೀರು, ರೊಟ್ಟಿ, ಶೇಂಗಾ ಚಟ್ನಿ ಸುರಪುರದಲ್ಲೇ ಕಟ್ಟಿಸಿಕೊಳ್ಳಿ.