ಡಾಗ್‌ಕಾರ್ಟ್ ಅಂದ್ರೆ ನಾಯಿ ಎಳೆಯೋ ಗಾಡಿ ಅಲ್ಲ

ಹಳೇ ಇಂಗ್ಲಿಷ್ ಪತ್ತೇದಾರಿ ಕಥೆ ಓದುವಾಗ ಗೊತ್ತಿಲ್ಲದ ಪದ ಸಿಕ್ಕರೆ ಹಾರಿಸಿಕೊಂಡು ಹೋಗು ಅಂತಾಳೆ ನಮ್ಮಕ್ಕ. "ಕೊಲೆ ಯಾರು ಮಾಡಿದ್ದು ಅಂತ ನೋಡೋ, ಗಾಡಿಗೆ ಎಷ್ಟು ಚಕ್ರ ಅನ್ನೋದು ನಿಂಗ್ಯಾಕೆ?" ಬೇರೆ ಕಾದಂಬರಿಗಾದರೆ ಅವಳ ಮಾತು ಸರಿ. ಪತ್ತೇದಾರಿ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಇಲ್ಲಿ ಕೊಲೆಗಾರ ಸಿಕ್ಕಿಬೀಳುವುದೇ ಎಷ್ಟೋ ಸಲ ಗಾಡಿ ಚಕ್ರದಿಂದ.

1887ರಲ್ಲಿ ಬಂದ, ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿ 'ಎ ಸ್ಟಡಿ ಇನ್ ಸ್ಕಾರ್ಲೆಟ್' ನೋಡಿ. ಹೆಣ ಸಿಕ್ಕ ಖಾಲಿ ಮನೆಯ ಮುಂದೆ ಚಕ್ರದ ಗುರುತು ಬಿದ್ದಿದೆ. ಎರಡು ಗೆರೆಗಳ ನಡುವೆ ಅಗಲ ಕಡಿಮೆ. ಹಾಗಾದರೆ ಬಂದಿದ್ದು ಗ್ರೌಲರ್, ಬ್ರೂಮ್ ಅಲ್ಲ ಅಂತ ಹೋಮ್ಸ್ ತೀರ್ಮಾನಿಸುತ್ತಾನೆ. ಗ್ರೌಲರ್ ಅಂದರೆ ಲಂಡನ್ನಿನ ನಾಲ್ಕು ಚಕ್ರದ ಬಾಡಿಗೆ ಗಾಡಿ. ಕಲ್ಲು ಹಾಸಿದ ಬೀದಿಯಲ್ಲಿ ಗುರ್ರ್ ಅನ್ನುತ್ತಿದ್ದುದಕ್ಕೆ ಆ ಹೆಸರು. ಬ್ರೂಮ್ ಅದಕ್ಕಿಂತ ಅಗಲದ ಸ್ವಂತ ಗಾಡಿ, ಇಟ್ಟುಕೊಳ್ಳುತ್ತಿದ್ದವರು ದುಡ್ಡಿದ್ದವರು. ಇದು ಗೊತ್ತಿಲ್ಲದಿದ್ದರೆ ಹೋಮ್ಸ್ ಏನೋ ಮಂತ್ರ ಹಾಕಿದ ಹಾಗೆ ಕಾಣುತ್ತದೆ, ಅಷ್ಟೆ. ಇನ್ನೊಂದು ಬಾಡಿಗೆ ಗಾಡಿ ಹ್ಯಾನ್ಸಮ್. ಅದಕ್ಕೆ ಎರಡೇ ಚಕ್ರ, ಇಬ್ಬರಿಗಷ್ಟೇ ಜಾಗ. ಗಾಡಿಯವನು ಹಿಂದೆ ಎತ್ತರದಲ್ಲಿ ಕೂತಿರುತ್ತಾನೆ. ಅವನ ಜೊತೆ ಮಾತಾಡಬೇಕಾದರೆ ಚಾವಣಿಯಲ್ಲಿರುವ ಪುಟ್ಟ ಮುಚ್ಚಳ ಎತ್ತಬೇಕು. ಯಾರನ್ನಾದರೂ ಬೆನ್ನಟ್ಟಬೇಕಾದರೆ ಹ್ಯಾನ್ಸಮ್, ಪೆಟ್ಟಿಗೆ ಗಂಟುಮೂಟೆ ಇದ್ದರೆ ಗ್ರೌಲರ್. ಇಷ್ಟು ತಿಳಿದುಕೊಂಡರೆ ಅರ್ಧ ಲಂಡನ್ ಅರ್ಥವಾದ ಹಾಗೆ.

ನನಗೆ ತುಂಬಾ ಇಷ್ಟದ್ದು ಡಾಗ್‌ಕಾರ್ಟ್. ಎಳೆಯುವುದು ಕುದುರೆಯೇ. ಬೇಟೆ ನಾಯಿಗಳನ್ನು ಒಯ್ಯಲು ಸೀಟಿನ ಕೆಳಗೆ ಒಂದು ಪೆಟ್ಟಿಗೆ ಇರುತ್ತಿತ್ತು, ಹೆಸರು ಬಂದಿದ್ದು ಅದರಿಂದ. 1892ರ 'ದ ಸ್ಪೆಕಲ್ಡ್ ಬ್ಯಾಂಡ್' ಕಥೆಯಲ್ಲಿ ಹೆದರಿ ನಡುಗುತ್ತಾ ಬಂದ ಹೆಂಗಸಿನ ಜಾಕೆಟ್ಟಿನ ಎಡತೋಳಿನ ಮೇಲೆ ಏಳು ಕಡೆ ಕೆಸರು ಹಾರಿರುತ್ತದೆ. ಕೆಸರು ಇನ್ನೂ ಹಸಿ. ಹೀಗೆ ಕೆಸರು ಎರಚುವುದು ಡಾಗ್‌ಕಾರ್ಟ್ ಒಂದೇ, ಅದೂ ಗಾಡಿಯವನ ಎಡಗಡೆ ಕೂತರೆ ಮಾತ್ರ ಅನ್ನುತ್ತಾನೆ ಹೋಮ್ಸ್. ತೆರೆದ ಗಾಡಿ, ಚಕ್ರ ಪಕ್ಕದಲ್ಲೇ ತಿರುಗುತ್ತಿದೆ ಅನ್ನುವ ಚಿತ್ರ ತಲೆಯಲ್ಲಿ ಇದ್ದರೆ ಆ ಮಾತಿನ ರುಚಿಯೇ ಬೇರೆ.

ಅದೇ ಕಥೆಯಲ್ಲಿ ಬೆಲ್‌ರೋಪ್ ಬರುತ್ತದೆ. ದೊಡ್ಡ ಮನೆಗಳಲ್ಲಿ ಆಳುಗಳನ್ನು ಕರೆಯಲು ಕೋಣೆಯಲ್ಲಿ ಒಂದು ಹಗ್ಗ ಇಳಿಬಿಟ್ಟಿರುತ್ತಿದ್ದರು. ಎಳೆದರೆ ಗೋಡೆಯೊಳಗೆ ಹಾದುಹೋದ ತಂತಿ ಜಗ್ಗಿ, ಆಳುಗಳಿರುವ ಕಡೆ ಗಂಟೆ ಬಾರಿಸುತ್ತದೆ. ಕಥೆಯ ಹಗ್ಗದ ಕುಚ್ಚು ದಿಂಬಿನ ಮೇಲೇ ಬಿದ್ದಿದೆ. ಹೋಮ್ಸ್ ಜಗ್ಗಿ ನೋಡುತ್ತಾನೆ, ಅದಕ್ಕೆ ತಂತಿಯೇ ಇಲ್ಲ. ಗಾಳಿಕಿಂಡಿಯ ಮೇಲೆ ಒಂದು ಕೊಕ್ಕೆಗೆ ಸುಮ್ನೆ ಕಟ್ಟಿದ್ದಾರೆ. ಆ ಹಗ್ಗ ಏನು ಕೆಲಸ ಮಾಡಬೇಕಿತ್ತು ಅಂತ ಗೊತ್ತಿದ್ದವರಿಗಷ್ಟೇ ಇಲ್ಲಿ ಮೈ ಜುಮ್ಮೆನ್ನುವುದು.

ಕೆಲವು ಪದ ನಗಿಸುತ್ತವೆ. 'ದ ಬೆರಿಲ್ ಕೊರೊನೆಟ್'ನಲ್ಲಿ ಒಬ್ಬ ಕೇಡಿ ಹೋಮ್ಸ್‌ನನ್ನು ಬಡಿಯಲು ಗೋಡೆಯಿಂದ ಲೈಫ್‌ಪ್ರಿಸರ್ವರ್ ಕೈಗೆತ್ತಿಕೊಳ್ಳುತ್ತಾನೆ. ನೀರಲ್ಲಿ ಮುಳುಗದಂತೆ ಹಾಕಿಕೊಳ್ಳುವ ಜಾಕೆಟ್ಟಿನಿಂದ ಹೊಡೆಯುವುದು ಹೇಗೆ? ಆಗ ಅದು ತುದಿಗೆ ಭಾರ ಇಟ್ಟ ಮೋಟು ದೊಣ್ಣೆ. ಕಾಪಾಡುವುದು ಹಿಡಿದವನ ಜೀವವನ್ನು, ಏಟು ತಿಂದವನದ್ದಲ್ಲ. 'ದ ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್' ಕಾದಂಬರಿಯ ಶುರುವಿನಲ್ಲೇ ಪೆನಾಂಗ್ ಲಾಯರ್ ಬರುತ್ತಾನೆ. ಬರುತ್ತದೆ ಅನ್ನಬೇಕು, ಅದು ದಪ್ಪ ಗುಬುಟಿನ ಊರುಗೋಲು. ಇಂಥವಕ್ಕೆ ಡಿಕ್ಷನರಿಗಿಂತ ಚಿತ್ರ ವಾಸಿ. ಗ್ಯಾಸೋಜೀನ್ ಬಗ್ಗೆ ತಾನೇ ಎಷ್ಟು ಹೇಳಿದರೂ ಏನು ಪ್ರಯೋಜನ? ಒಂದರ ಮೇಲೊಂದು ಎರಡು ಗಾಜಿನ ಬುರುಡೆ, ಮೇಲಿನದರಲ್ಲಿ ಅಡಿಗೆ ಸೋಡಾ ಮತ್ತು ಟಾರ್ಟಾರಿಕ್ ಆಸಿಡ್, ಕೆಳಗೆ ನೀರು, ಒಡೆದು ಸಿಡಿದರೆ ಅಂತ ಸುತ್ತ ಬಲೆ. ಮನೇಲೇ ಸೋಡಾ ಮಾಡಿಕೊಳ್ಳುವ ಯಂತ್ರ. ಚಿತ್ರ ನೋಡಿದರೆ ಒಂದೇ ಕ್ಷಣದ ಕೆಲಸ.

ಅಗಾಥಾ ಕ್ರಿಸ್ಟಿಯ ಮೊದಲ ಕಾದಂಬರಿ, 1920ರ 'ದ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್' ಓದಿಲ್ಲದವರು ಇಲ್ಲಿಗೇ ನಿಲ್ಲಿಸಿ, ಗುಟ್ಟು ಹೇಳಿಬಿಡುತ್ತೇನೆ. ಅದರಲ್ಲಿ ಅಗ್ಗಿಷ್ಟಿಕೆಯ ಮೇಲಿನ ಕಟ್ಟೆಯಲ್ಲಿ ಸ್ಪಿಲ್‌ಗಳ ಹೂದಾನಿ ಇದೆ. ಸ್ಪಿಲ್ ಅಂದರೆ ಕಾಗದದ ಪಟ್ಟಿ ಸುತ್ತಿ ಮಾಡಿದ ಕಡ್ಡಿ. ಒಲೆಯ ಬೆಂಕಿಯನ್ನು ಮೇಣದಬತ್ತಿಗೋ ಪೈಪಿಗೋ ಹಚ್ಚಲು ಅದು ಬೇಕು. ಕೊಲೆಗಾರ ತನ್ನ ಬಣ್ಣ ಬಯಲು ಮಾಡುವ ಪತ್ರವನ್ನು ಉದ್ದುದ್ದಕ್ಕೆ ಹರಿದು, ಸುರುಳಿ ಸುತ್ತಿ, ಆ ಕಡ್ಡಿಗಳ ಜೊತೆ ಸೇರಿಸಿಬಿಡುತ್ತಾನೆ. ಪತ್ತೇದಾರ ಪ್ವಾರೋಗೆ ಎಲ್ಲಾ ವಸ್ತು ನೆಟ್ಟಗೆ ಇರಬೇಕು, ಅದೊಂದು ಗೀಳು. ಆ ಕಟ್ಟೆಯ ಮೇಲೆ ಒಮ್ಮೆ ನೆಟ್ಟಗೆ ಮಾಡಿದ್ದನ್ನು ಮತ್ತೆ ಯಾಕೆ ನೆಟ್ಟಗೆ ಮಾಡಬೇಕಾಯಿತು ಅಂತ ಹೊಳೆದಾಗ ಗುಟ್ಟು ಒಡೆಯುತ್ತದೆ. ಮಜಾ ಏನು ಗೊತ್ತಾ? ಇಲ್ಲಿ ನಾವೇ ಮುಂದೆ. ನಮಗೆ ಆ ಪದ ಗೊತ್ತಿಲ್ಲ, ನಿಲ್ಲುತ್ತೇವೆ, ಡಿಕ್ಷನರಿ ತೆಗೆಯುತ್ತೇವೆ, 'ಕಾಗದದ ಕಡ್ಡಿ' ಅಂತ ಕಂಡ ತಕ್ಷಣ ಕಿವಿ ನೆಟ್ಟಗಾಗುತ್ತದೆ. ಕ್ರಿಸ್ಟಿ ಕಣ್ಣು ತಪ್ಪಿಸಲು ನೋಡಿದ್ದು ಆಗಿನ ಓದುಗರದ್ದು. ಅವರು ಪಾಪ, ದಿನಾ ಅದರಲ್ಲೇ ಪೈಪ್ ಹಚ್ಚಿಕೊಳ್ಳುತ್ತಿದ್ದರು.