ನಮ್ಮ ಕ್ಲಾಸಿನಲ್ಲಿ ಡಾರ್ವಿನ್ ಸೋತ ದಿನ

ಪ್ರಾಣಿಶಾಸ್ತ್ರದ ಮೇಡಮ್ ನೋಟ್ಸ್ ಬರೆಸುತ್ತಿರಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಮಗೆಲ್ಲ ಅದೇ ದೊಡ್ಡ ಸಂಕಟ. ವಿಕಾಸವಾದದ ಪಾಠ ಶುರುವಾದ ದಿನ ಅವರು ಡಾರ್ವಿನ್ ಏನು ಹೇಳಿದ ಅಂತ ಕೇಳಲಿಲ್ಲ. (ಸಣ್ಣ ಸಣ್ಣ ಬದಲಾವಣೆಗಳಲ್ಲಿ ಉಪಯೋಗಕ್ಕೆ ಬಂದವು ಉಳಿದು, ಪೀಳಿಗೆಗಟ್ಟಲೆ ಕೂಡುತ್ತಾ ಹೋಗಿ ಹೊಸ ಜೀವಜಾತಿ ಆಗುತ್ತೆ, ಅದೇ ನಿಸರ್ಗದ ಆಯ್ಕೆ ಅಂದಿದ್ದ ಅವನು.) ಅವನ ಮೇಲೆ ಯಾರ್ಯಾರು ತಿರುಗಿಬಿದ್ದರು ಅಂತ ಕೇಳಿದರು. ‘ಚರ್ಚಿನವರು’ ಅಂದೆವು. ‘ಅದು ಗೊತ್ತಿರೋದೇ ಬಿಡಿ. ಅವನ ನಿದ್ದೆ ಕೆಡಿಸಿದವರು ಬೇರೆ ಇದ್ದರು’ ಅಂದರು.

ಆಮೇಲೆ ಒಂದು ಆಟ ಹೂಡಿದರು. ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಡಾರ್ವಿನ್, ನಾವು ಮೂವರು ಎದುರಾಳಿಗಳು. ಡಾರ್ವಿನ್‌ನ ‘ಆರಿಜಿನ್ ಆಫ್ ಸ್ಪೀಷೀಸ್’ ಮೊದಲು ಬಂದದ್ದು 1859ರಲ್ಲಿ, ಆರನೇ ಆವೃತ್ತಿ 1872ರಲ್ಲಿ. ಆ 1872ರ ತನಕ ಅವನಿಗೆ ಏನು ಗೊತ್ತಿತ್ತೋ ಅಷ್ಟರಲ್ಲೇ ಗೆಳೆಯ ಉತ್ತರ ಕೊಡಬೇಕು. ಜೀನ್, ಡಿಎನ್‌ಎ ಅನ್ನೋ ಹಾಗಿಲ್ಲ.

ಮೊದಲು, ಡಾರ್ವಿನ್‌ನನ್ನು ಟೀಕಿಸಿದ ಪ್ರಾಣಿಶಾಸ್ತ್ರಜ್ಞ ಮೈವರ್ಟ್‌ನ ಪಾತ್ರದ ಹುಡುಗಿ ಎದ್ದಳು. ಪೂರ್ತಿ ರೆಕ್ಕೆ ಇದ್ದರೆ ಹಾರಬಹುದು, ಅರ್ಧ ರೆಕ್ಕೆಯಿಂದ ಏನು ಲಾಭ? ಒಂದು ಕೆಲಸಕ್ಕೆ ಇದ್ದ ಅಂಗ ಮುಂದೆ ಇನ್ನೊಂದಕ್ಕೆ ಒದಗಬಹುದು ಅಂತ ಗೆಳೆಯ ಹೇಗೋ ಪಾರಾದ. (ಪಠ್ಯಪುಸ್ತಕದ ಆ ಪ್ರಸಿದ್ಧ ಜಿರಾಫೆ ಕತ್ತು ಡಾರ್ವಿನ್ ಪುಸ್ತಕಕ್ಕೆ ಬಂದದ್ದೂ ಈ ಮೈವರ್ಟ್‌ಗೆ ಉತ್ತರ ಕೊಡುವಾಗಲೇ, ಆರನೇ ಆವೃತ್ತಿಯಲ್ಲಿ. ಮೊದಲ ಆವೃತ್ತಿಯಲ್ಲಿ ಇದ್ದದ್ದು ನೊಣ ಓಡಿಸೋ ಅದರ ಬಾಲ!)

ಭೌತವಿಜ್ಞಾನಿ ಕೆಲ್ವಿನ್ ಪಾತ್ರದವನು ಲೆಕ್ಕ ಹಿಡಿದು ಬಂದ. ಕಾದ ಭೂಮಿ ಇಷ್ಟು ತಣ್ಣಗಾಗಲು ಸುಮಾರು 10 ಕೋಟಿ ವರ್ಷ ಸಾಕು, ನಿನ್ನ ನಿಧಾನದ ಆಯ್ಕೆಗೆ ಅಷ್ಟರಲ್ಲಿ ಸಮಯ ಎಲ್ಲಿದೆ? ಗೆಳೆಯ ತಲೆ ಕೆರೆದುಕೊಂಡ. ಭೂಮಿಗೆ ಸುಮಾರು 454 ಕೋಟಿ ವರ್ಷ ಅಂತ ಕ್ಲಾಸಿನಲ್ಲಿ ಎಲ್ಲರಿಗೂ ಗೊತ್ತು, ಆದರೆ ಹೇಳೋ ಹಾಗಿಲ್ಲವಲ್ಲ!

ಕೊನೆಗೆ ನನ್ನ ಸರದಿ. ನಾನು ಫ್ಲೀಮಿಂಗ್ ಜೆಂಕಿನ್, ವೃತ್ತಿಯಲ್ಲಿ ಎಂಜಿನಿಯರ್, 1867ರಲ್ಲಿ ಡಾರ್ವಿನ್ ಪುಸ್ತಕದ ವಿಮರ್ಶೆ ಬರೆದವನು. ಆಗಿನ ಕಾಲಕ್ಕೆ ಅಪ್ಪ ಅಮ್ಮನ ಗುಣಗಳು ಬಣ್ಣ ಕಲೆಸಿದ ಹಾಗೆ ಮಕ್ಕಳಲ್ಲಿ ಬೆರೆತುಹೋಗುತ್ತವೆ ಅಂತಲೇ ಬಹಳ ಜನ ನಂಬಿದ್ದರು. ಹಾಗಾದರೆ ಒಂದು ಡಬ್ಬಿ ಕಪ್ಪು ಬಣ್ಣಕ್ಕೆ ಒಂದೇ ಒಂದು ಹನಿ ಬಿಳಿ ಬಿದ್ದರೆ ಏನಾಗುತ್ತೆ ಅಂತ ಕೇಳಿದೆ. ಒಂದು ಪ್ರಾಣಿಯಲ್ಲಿ ಎಂಥಾ ಒಳ್ಳೆಯ ಗುಣ ಹುಟ್ಟಿದರೂ ಅದು ಪೀಳಿಗೆಯಿಂದ ಪೀಳಿಗೆಗೆ ಅರ್ಧ, ಕಾಲು ಆಗುತ್ತಾ ಹೋಗಿ ಆಯ್ಕೆ ಆಗೋ ಮೊದಲೇ ಕರಗಿಹೋಗುತ್ತೆ ಅಲ್ವಾ? ಗೆಳೆಯ ಸ್ವಲ್ಪ ಹೊತ್ತು ಸುಮ್ನೆ ನಿಂತ. ಆಮೇಲೆ ‘ಇದಕ್ಕೆ ನನ್ನ ಹತ್ತಿರ ಗಟ್ಟಿ ಉತ್ತರ ಇಲ್ಲ’ ಅಂದ. ನಾನು ಮೇಜು ಕುಟ್ಟಿ ಗೆದ್ದೆ ಅಂತ ಕೂಗಿದೆ. ಮೇಡಮ್ ಅವನಿಗೆ ನನಗಿಂತ ಜಾಸ್ತಿ ಅಂಕ ಕೊಟ್ಟರು. ಇವತ್ತಿಗೂ ನನಗೆ ಅದರ ಮೇಲೆ ಸಣ್ಣ ಸಿಟ್ಟಿದೆ.

ಮರುದಿನ ಅವರು ವರ್ಷವನ್ನು 1900ಕ್ಕೆ ಏರಿಸಿದರು. ಗೆಳೆಯ ಬೆಂಚಿನಿಂದ ನೆಗೆದೇಬಿಟ್ಟ. ಮೆಂಡೆಲ್! ಬಟಾಣಿ ಗಿಡಗಳಲ್ಲಿ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಇಳಿಯುತ್ತವೆ ಅಂತ ಅವನು ಹಾಕಿದ ಲೆಕ್ಕ 1866ರಲ್ಲೇ ಅಚ್ಚಾಗಿ ಮೂಲೆಗೆ ಬಿದ್ದಿತ್ತು, ಆ ವರ್ಷ ತಾನೇ ಮತ್ತೆ ಬೆಳಕಿಗೆ ಬಂದದ್ದು. ಗುಣಗಳು ಬಣ್ಣದ ಹಾಗೆ ಕಲೆಯೋದಿಲ್ಲ, ಇಸ್ಪೀಟ್ ಎಲೆಗಳ ಹಾಗೆ, ಎಷ್ಟು ಕಲೆಸಿದರೂ ಎಕ್ಕ ಎಕ್ಕವೇ ಅಂದ. ನನ್ನ ಬಣ್ಣದ ಡಬ್ಬಿ ಮುಗೀತು ಅಂತ ಕೂತುಬಿಟ್ಟೆ.

‘ಕೂರಬೇಡಪ್ಪಾ, ಅದೇ ಮೆಂಡೆಲ್‌ನನ್ನು ಇಟ್ಟುಕೊಂಡು ಇವನನ್ನು ಹೊಡಿ’ ಅಂದರು ಮೇಡಮ್. ನನಗೆ ಹೊಳೆಯೋಕೆ ಐದು ನಿಮಿಷ ಬೇಕಾಯಿತು. ಬಟಾಣಿ ಹಸಿರು, ಇಲ್ಲಾ ಹಳದಿ. ನಡುವೆ ಏನೂ ಇಲ್ಲ. ಹಾಗಾದರೆ ಹೊಸ ಜೀವಜಾತಿಯೂ ಒಂದೇ ನೆಗೆತಕ್ಕೆ ಬರಬೇಕು, ಡಾರ್ವಿನ್ ಹೇಳಿದ ಆ ಸಣ್ಣ ಸಣ್ಣ ಬದಲಾವಣೆಗೆ ಏನು ಕೆಲಸ? ತಮಾಷೆ ಅಂದರೆ ಮೆಂಡೆಲ್ ಸಿಕ್ಕ ಹೊಸತರಲ್ಲಿ ಸಸ್ಯಶಾಸ್ತ್ರಜ್ಞ ಡಿ ವ್ರೀಸ್‌ನಂಥವರು ನಿಜವಾಗಿಯೂ ಹೀಗೇ ವಾದ ಮಾಡಿದ್ದರು. ಮೆಂಡೆಲ್ ಬಂದ ಕೂಡಲೇ ಡಾರ್ವಿನ್ ಗೆದ್ದ ಅಂತ ನಮ್ಮ ಗೈಡ್ ಪುಸ್ತಕ ಒಂದೇ ಸಾಲಿನಲ್ಲಿ ಮುಗಿಸಿತ್ತು.

ಗೆಳೆಯ ಮತ್ತೆ ಬಾಯಿ ಮುಚ್ಚಿದ. ಬೆಲ್ ಹೊಡೆಯಿತು. ಮೇಡಮ್ ಬೋರ್ಡಿನ ಮೇಲೆ ‘ಫಿಷರ್, 1918’ ಅಂತ ಬರೆದು, ಡಸ್ಟರ್ ಎತ್ತಿಕೊಂಡು ಹೊರಟುಹೋದರು. (ಮೆಂಡೆಲ್ ಹೇಳಿದಂಥ ಬಿಡಿ ಬಿಡಿ ಅಂಶಗಳು ಹಲವು ಸೇರಿದರೆ ಡಾರ್ವಿನ್‌ನ ಸಣ್ಣ ಸಣ್ಣ ಬದಲಾವಣೆಯೂ ಹುಟ್ಟುತ್ತೆ ಅಂತ ಆ ವರ್ಷ ಲೆಕ್ಕ ಹಾಕಿ ತೋರಿಸಿದವನು ಈ ಫಿಷರ್.) ಲೈಬ್ರರಿ ಮುಚ್ಚೋಕೆ ಇನ್ನೂ ಅರ್ಧ ಗಂಟೆ ಇತ್ತು. ಗೆದ್ದವನೂ ಸೋತವನೂ ಒಟ್ಟಿಗೇ ಓಡಿದೆವು.