ಎಸೆತವೇ ಬಾರದ ಕಾರ್ನರ್‌ಬ್ಯಾಕ್‌ನನ್ನು ಅಳೆಯುವುದು ಹೇಗೆ?

ಕೊನೆಗೂ 417 ಮೇಲಕ್ಕೆ ಬಂದ!

ಕಂಪ್ಯೂಟರ್‌ನಲ್ಲಿ ನಾನು ಆಡಿಸುವ ಅಮೆರಿಕನ್ ಫುಟ್‌ಬಾಲ್ ಸಿಮ್ಯುಲೇಷನ್ ಲೀಗಿನಲ್ಲಿ ಆಟಗಾರರಿಗೆ ಹೆಸರಿಟ್ಟಿಲ್ಲ, ದತ್ತಾಂಶ ಕೋಷ್ಟಕದ ಸಂಖ್ಯೆಯಿಂದಲೇ ಕರೆಯುತ್ತೇನೆ. 417 ಒಬ್ಬ ಕಾರ್ನರ್‌ಬ್ಯಾಕ್, ಅಂದರೆ ಎದುರಾಳಿಯ ರಿಸೀವರ್‌ನನ್ನು (ಎಸೆದ ಚೆಂಡು ಹಿಡಿಯುವವನನ್ನು) ಮೈದಾನದ ಬದಿಯಲ್ಲಿ ಕಾಯುವ ರಕ್ಷಣಾ ಆಟಗಾರ. ಎಂಜಿನ್ನಿನ (ಪಂದ್ಯಗಳನ್ನು ಆಡಿಸುವ ಪ್ರೋಗ್ರಾಂ) ಒಳಗೆ ಅವನಿಗಿರುವ ಸಾಮರ್ಥ್ಯದ ಅಂಕಿ ಇಡೀ ಲೀಗಿನ ಇತಿಹಾಸದಲ್ಲೇ ಅತ್ಯುತ್ತಮ. ಆದರೂ ವೃತ್ತಿಜೀವನದ ಇಂಟರ್‌ಸೆಪ್ಷನ್ (ಎದುರಾಳಿ ಎಸೆದ ಚೆಂಡನ್ನು ಕಸಿದುಕೊಳ್ಳುವುದು) ಪಟ್ಟಿಯಲ್ಲಿ ಅವನನ್ನು ಹುಡುಕಬೇಕಾದರೆ ಬಹಳ ಕೆಳಕ್ಕೆ ಇಳಿಯಬೇಕಿತ್ತು. ಟ್ಯಾಕಲ್ (ಚೆಂಡು ಹಿಡಿದವನನ್ನು ಕೆಡವುವುದು) ಪಟ್ಟಿಯಲ್ಲಂತೂ ಅವನ ಸುಳಿವೇ ಇರಲಿಲ್ಲ. ಈ ಅನ್ಯಾಯವನ್ನು ಸರಿಪಡಿಸುವ ದಾರಿ ಈಗ ಸಿಕ್ಕಿದೆ. ಅದಕ್ಕಾಗಿ ಎಂಜಿನ್ನಿನ ಹೊಟ್ಟೆಯನ್ನೇ ಬಗೆಯಬೇಕಾಯಿತು. ಲೀಗ್ ಕಟ್ಟುವುದು, ವೇಳಾಪಟ್ಟಿ, ಡ್ರಾಫ್ಟ್, ಆಟಗಾರರ ವಯಸ್ಸಿನ ರೇಖೆ ಇವೆಲ್ಲ ನಿಮಗೆ ಗೊತ್ತಿರುವ ಕೆಲಸಗಳೇ ಆದ್ದರಿಂದ ನೇರವಾಗಿ ಗಂಟಿಗೆ ಕೈ ಹಾಕುತ್ತೇನೆ.

ಅಮೆರಿಕನ್ ಫುಟ್‌ಬಾಲ್‌ನಲ್ಲಿ ರಕ್ಷಣಾ ಆಟಗಾರರ ಲೆಕ್ಕ ಮೊದಲಿನಿಂದಲೂ ಬಡವಾದದ್ದು. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್, ಸ್ಯಾಕ್‌ಗಳನ್ನು (ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಎಸೆಯುವ ಮೊದಲೇ ಕೆಡವುವುದು) ಆಟಗಾರರ ಹೆಸರಿಗೆ ಅಧಿಕೃತವಾಗಿ ಬರೆಯಲು ಆರಂಭಿಸಿದ್ದು 1982ರಲ್ಲಿ. ಲಾರೆನ್ಸ್ ಟೇಲರ್ 1981ರಲ್ಲಿ, ತನ್ನ ಮೊದಲ ಋತುವಿನಲ್ಲಿ, ಪಡೆದ 9.5 ಸ್ಯಾಕ್‌ಗಳು ಅವನ ಅಧಿಕೃತ 132.5ರಲ್ಲಿ ಸೇರಿಲ್ಲ. ಡೀಕನ್ ಜೋನ್ಸ್‌ನಂಥ ದೈತ್ಯನ ಹೆಸರಿನಲ್ಲಿ ಅಧಿಕೃತವಾಗಿ ಒಂದು ಸ್ಯಾಕ್ ಕೂಡ ಇಲ್ಲ. ಋತುವಿನ ಉದ್ದವೂ ಬದಲಾಗುತ್ತಲೇ ಬಂದಿದೆ: 1961ರಿಂದ 14 ಪಂದ್ಯ, 1978ರಿಂದ 16, 2021ರಿಂದ 17. ನೈಟ್ ಟ್ರೇನ್ ಲೇನ್ 1952ರಲ್ಲಿ 14 ಇಂಟರ್‌ಸೆಪ್ಷನ್ ಮಾಡಿದ್ದು 12 ಪಂದ್ಯಗಳ ಋತುವಿನಲ್ಲಿ! ಇವೆಲ್ಲ ಬೇಸರ ತರಿಸುವ ತೊಡಕುಗಳೇ, ಆದರೆ ಬಿಡಿಸಲು ಬರುವಂಥವು. ಪಂದ್ಯಕ್ಕೆ ಇಷ್ಟು, ಎದುರಾಳಿಯ ನೂರು ಪಾಸ್‌ಗೆ (ಎಸೆತಕ್ಕೆ) ಇಷ್ಟು ಎಂದು ಭಾಗಿಸಿದರೆ ಬಹುಪಾಲು ಇತ್ಯರ್ಥವಾಗುತ್ತದೆ. ನನ್ನ ಲೀಗಿನಲ್ಲಿ ಮೊದಲ ದಿನದಿಂದಲೂ ಪ್ರತಿಯೊಂದು ಆಟವೂ ದಾಖಲಾಗಿರುವುದರಿಂದ ಆ ತೊಂದರೆಯೂ ಇಲ್ಲ.

ಬಿಡಿಸಲಾಗದ ಗಂಟು ಬೇರೆಯದು. ಒಳ್ಳೆಯ ಕಾರ್ನರ್‌ಬ್ಯಾಕ್ ಇರುವ ಕಡೆಗೆ ಯಾವ ಕ್ವಾರ್ಟರ್‌ಬ್ಯಾಕ್ ಕೂಡ ಚೆಂಡು ಎಸೆಯುವುದಿಲ್ಲ. ಓಕ್ಲೆಂಡ್ ರೈಡರ್ಸ್ ತಂಡದ ನಾಮ್ಡಿ ಅಸೋಮುವಾನನ್ನು ನೋಡಿ. 2006ರಲ್ಲಿ 8 ಇಂಟರ್‌ಸೆಪ್ಷನ್. ಅಲ್ಲಿಂದ ಮುಂದೆ 2007, 2008, 2009ರಲ್ಲಿ ವರ್ಷಕ್ಕೆ ಒಂದೊಂದು, 2010ರಲ್ಲಿ ಸೊನ್ನೆ. ಅಂಕಿಗಳನ್ನು ಮಾತ್ರ ಓದುವವರಿಗೆ ಇದು ಮುಗಿದುಹೋದ ಆಟಗಾರನ ಜಾತಕದಂತೆ ಕಾಣುತ್ತದೆ. ಆದರೆ ಆ ಸೊನ್ನೆಯ ವರ್ಷವೇ ಅವನು ಅಸೋಸಿಯೇಟೆಡ್ ಪ್ರೆಸ್ ಆರಿಸುವ ಆಲ್‌-ಪ್ರೋ, ಅಂದರೆ ವರ್ಷದ ಶ್ರೇಷ್ಠ ಆಟಗಾರರ, ಮೊದಲ ತಂಡದಲ್ಲಿದ್ದ. ಪಂದ್ಯ ನೋಡಿದವರಿಗೆ ಗೊತ್ತಿತ್ತು, ಮೈದಾನದ ಆ ಬದಿಯನ್ನು ಅವನು ಮುಚ್ಚಿಬಿಟ್ಟಿದ್ದ. ಮುಚ್ಚಿದ ಬಾಗಿಲಿಗೆ ಅಂಕಿ ಅಂಶದ ಹಾಳೆಯಲ್ಲಿ ಅಂಕಣವಿಲ್ಲ.

ನನ್ನ ಹಳೆಯ ಎಂಜಿನ್ನಿನಲ್ಲಿ ಕ್ವಾರ್ಟರ್‌ಬ್ಯಾಕ್ ರಿಸೀವರ್‌ನ ಸಾಮರ್ಥ್ಯವನ್ನಷ್ಟೇ ನೋಡಿ ಎಸೆಯುತ್ತಿದ್ದ. ಹಾಗಾಗಿ ಒಳ್ಳೆಯ ಕಾರ್ನರ್‌ಬ್ಯಾಕ್‌ಗಳು ರಾಶಿ ರಾಶಿ ಇಂಟರ್‌ಸೆಪ್ಷನ್ ಗಳಿಸುತ್ತಿದ್ದರು, ಪಟ್ಟಿ ಕಣ್ಣಿಗೆ ಸೊಗಸಾಗಿತ್ತು. ಹೊಸ ಆವೃತ್ತಿಯಲ್ಲಿ ಕ್ವಾರ್ಟರ್‌ಬ್ಯಾಕ್ ಮೊದಲ ರಿಸೀವರ್‌ನನ್ನು ನೋಡಿ, ಅವನ ಮೇಲಿನ ಕಾವಲು ಬಿಗಿಯಾಗಿದ್ದರೆ ಎರಡನೆಯವನತ್ತ, ಆಮೇಲೆ ಮೂರನೆಯವನತ್ತ ತಿರುಗುತ್ತಾನೆ. ಆಟ ನೈಜವಾಯಿತು. 417ರ ಸಾಲು ಬರಿದಾಯಿತು.

ಮೊದಲು ಹೊಳೆದ ಪರಿಹಾರ, ಹೀಗೆ ಮುಖ ತಿರುಗಿಸಿದ ನೋಟಗಳನ್ನೇ ಎಣಿಸುವುದು. ಎಂಜಿನ್ನಿಗೆ ಎಲ್ಲವೂ ಗೊತ್ತಿರುವುದರಿಂದ ಇದು ಸುಲಭ. ಆದರೆ ಕ್ವಾರ್ಟರ್‌ಬ್ಯಾಕ್ ಮುಖ ತಿರುಗಿಸುವುದಕ್ಕೆ ಕಾರಣಗಳು ಹಲವು. ಡಿಫೆನ್ಸಿವ್ ಎಂಡ್ (ರಕ್ಷಣಾ ಸಾಲಿನ ತುದಿಯವ) ಒಬ್ಬ ಮೈಮೇಲೆ ಬರುತ್ತಿರಬಹುದು, ಸೇಫ್ಟಿ (ಎಲ್ಲರ ಹಿಂದೆ ನಿಲ್ಲುವ ರಕ್ಷಕ) ನೆರವಿಗೆ ವಾಲಿರಬಹುದು, ರಿಸೀವರ್‌ನೇ ಸಪ್ಪೆ ಇರಬಹುದು. ಆ ನೋಟವನ್ನು ಯಾರ ಖಾತೆಗೆ ಬರೆಯುವುದು? ನಮಗೆ ನಿಜವಾಗಿ ಬೇಕಿರುವ ಉತ್ತರ ಒಂದೇ: ಆ ಜಾಗದಲ್ಲಿ ಅವನ ಬದಲು ಸಾಧಾರಣ ಆಟಗಾರನೊಬ್ಬ ನಿಂತಿದ್ದರೆ ತಂಡ ಇನ್ನೆಷ್ಟು ಅಂಕ ಬಿಟ್ಟುಕೊಡುತ್ತಿತ್ತು? ನೈಜ ಲೀಗಿನಲ್ಲಿ ಈ ಪ್ರಶ್ನೆಯನ್ನು ಊಹೆಯಿಂದ ಮಾತ್ರ ಕೇಳಬಹುದು. ಸಿಮ್ಯುಲೇಷನ್ ಇರುವವರು ಆ ಋತುವನ್ನೇ ಮತ್ತೊಮ್ಮೆ ಆಡಿಸಬಹುದು. ಈ ಹವ್ಯಾಸದ ದೊಡ್ಡ ಸುಖ ಇದು ಎಂದು ನಾನು ಪೂರ್ತಿ ನಂಬಿದ್ದೇನೆ.

ಹಾಗೆ ಆಡಿಸಿದಾಗ ಬಂದ ಉತ್ತರ ಹುಚ್ಚು ಹಿಡಿಸುವಂತಿತ್ತು. ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಆರಂಭದ ಬೆಲೆ) ಅದೇ, ವೇಳಾಪಟ್ಟಿ ಅದೇ, 417 ಒಬ್ಬನನ್ನು ತೆಗೆದು ಸಾಧಾರಣ ಆಟಗಾರನನ್ನು ನಿಲ್ಲಿಸಿದೆ. ಅವನ ತಂಡಕ್ಕೆ ಸಂಬಂಧವೇ ಇಲ್ಲದ ಬೇರೆರಡು ತಂಡಗಳ ಪಂದ್ಯದಲ್ಲಿ ಕಿಕ್ಕರ್ ಒಬ್ಬ ಸುಲಭದ ಫೀಲ್ಡ್ ಗೋಲ್ ತಪ್ಪಿಸಿದ. ಇನ್ನೊಂದು ಊರಿನಲ್ಲಿ ಯಾರದೋ ಮಂಡಿ ಮುರಿಯಿತು. ಋತುವಿನ ಕೊನೆಗೆ ಚಾಂಪಿಯನ್ ತಂಡವೇ ಬದಲು! ಒಮ್ಮೆ 417 ಇಲ್ಲದ ತಂಡ ಕಡಿಮೆ ಅಂಕ ಬಿಟ್ಟುಕೊಡುತ್ತಿತ್ತು, ಇನ್ನೊಮ್ಮೆ ಎರಡರಷ್ಟು. ಎಷ್ಟು ಸಲ ಓಡಿಸಿದರೂ ಸರಾಸರಿ ನೆಲೆ ನಿಲ್ಲುತ್ತಿರಲಿಲ್ಲ.

ಕಾರಣ ಯಾದೃಚ್ಛಿಕ ಸಂಖ್ಯೆಗಳ ಸರಣಿ. ಎಂಜಿನ್ನಿಗೆಲ್ಲ ಸೇರಿ ಒಂದೇ ಸರಣಿ ಇತ್ತು: ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲೇ ಬರುವ ಮರ್ಸೆನ್ ಟ್ವಿಸ್ಟರ್. ಪಾಸ್, ಕಿಕ್, ಗಾಯ, ಹವಾಮಾನ ಎಲ್ಲವೂ ಅದರಿಂದಲೇ ಸರದಿಯಲ್ಲಿ ಸಂಖ್ಯೆ ಪಡೆಯುತ್ತಿದ್ದವು. ಮದುವೆಯ ಪಂಕ್ತಿಯಲ್ಲಿ ಒಬ್ಬರು ಎರಡನೇ ಹೋಳಿಗೆ ಹಾಕಿಸಿಕೊಂಡರೆ ಅವರ ಮುಂದೆ ಕೂತ ಎಲ್ಲರ ಎಲೆಗೂ ಬೇರೆಯದೇ ಹೋಳಿಗೆ ಬೀಳುವಂತೆ, 417ರ ಬದಲಿಗೆ ಬಂದವನ ಕಡೆಗೆ ಒಂದು ಹೆಚ್ಚಿನ ಪಾಸ್ ಹೋದರೆ ಸಾಕು, ಅಲ್ಲಿಂದ ಮುಂದೆ ಇಡೀ ಲೀಗಿನ ಅದೃಷ್ಟವೇ ಒಂದು ಮನೆ ಸರಿಯುತ್ತದೆ. ಒಬ್ಬ ಆಟಗಾರನ ವ್ಯತ್ಯಾಸವನ್ನು ಅಳೆಯುತ್ತಿದ್ದೇನೆ ಎಂದುಕೊಂಡದ್ದು ವಾಸ್ತವದಲ್ಲಿ ಸಂಬಂಧವಿಲ್ಲದ ಎರಡು ಋತುಗಳ ಹೋಲಿಕೆಯಾಗಿತ್ತು. ಅವೆರಡರ ಏರಿಳಿತವೂ ಕೂಡಿಕೊಂಡು, ಅಳೆಯಬೇಕಾದ ಪುಟ್ಟ ವ್ಯತ್ಯಾಸ ಅದರಡಿಯಲ್ಲಿ ಮುಳುಗಿಹೋಗುತ್ತಿತ್ತು.

ಬೇಕಾದದ್ದು ಎರಡೂ ಓಟಗಳಲ್ಲಿ ಒಂದೇ ಅದೃಷ್ಟ. ಅದಕ್ಕೆ ನೆರವಾದದ್ದು ಫಿಲಾಕ್ಸ್. 2011ರಲ್ಲಿ ಡಿ. ಇ. ಶಾ ರಿಸರ್ಚ್‌ನವರು ಪ್ರಕಟಿಸಿದ ಈ ವಿಧಾನದಲ್ಲಿ ಸರದಿ ಎಂಬುದೇ ಇಲ್ಲ. ಒಂದು ಕೀಲಿ, ಒಂದು ಎಣಿಕೆ ಕೊಟ್ಟರೆ ಅದಕ್ಕೆ ಸಲ್ಲುವ ಸಂಖ್ಯೆ ನೇರವಾಗಿ ಬರುತ್ತದೆ. ಹಿಂದೆ ಯಾರು ಎಷ್ಟು ಕೇಳಿದ್ದರು ಎಂಬುದು ಅದಕ್ಕೆ ಬೇಕಿಲ್ಲ. ಪೈಥಾನ್‌ನ ಗಣಿತ ಲೈಬ್ರರಿಯಾದ ನಂಪೈನಲ್ಲಿ 1.17ರ ಆವೃತ್ತಿಯಿಂದ ಅದು ಸಿದ್ಧವಾಗಿ ಸಿಗುತ್ತದೆ. ಈಗ ನನ್ನ ಕೀಲಿಯಲ್ಲಿ ಋತು, ಪಂದ್ಯ, ತಂಡ, ಡ್ರೈವ್ (ಒಂದು ತಂಡ ಚೆಂಡು ಇಟ್ಟುಕೊಂಡು ಆಡುವ ಸರದಿ), ಆಟದ ಸಂಖ್ಯೆ ಮತ್ತು ಉದ್ದೇಶ ಇವೆ. ಉದ್ದೇಶ ಅಂದರೆ ಕಾವಲು, ಒತ್ತಡ, ಎಸೆತದ ಗುರಿ, ಹಿಡಿತ, ಟ್ಯಾಕಲ್, ಕಿಕ್, ಗಾಯ. ಪ್ರತಿಯೊಂದಕ್ಕೂ ಬೇರೆ ಸಂಕೇತ. ಮಂಡ್ಯದಲ್ಲಿ ಮಳೆ ಬಂದರೆ ಮಂಗಳೂರಿನ ಮಂಡಿ ಮುರಿಯುವ ಕಾಟ ಅಲ್ಲಿಗೆ ಮುಗಿಯಿತು.

ಇದನ್ನು ಮಾಡಹೊರಟವರಿಗೆ ಕೆಲವು ಎಚ್ಚರಿಕೆಗಳು. ಕೀಲಿ ಕಟ್ಟುವಾಗ ಅಕ್ಷರಗಳ ಮೇಲೆ ಪೈಥಾನ್‌ನ ಒಳಗಿನ ಹ್ಯಾಶ್ (ಅಕ್ಷರಗಳನ್ನು ಸಂಖ್ಯೆಯಾಗಿಸುವ ಕ್ರಿಯೆ) ಬಳಸಬೇಡಿ. ಭದ್ರತೆಯ ಕಾರಣಕ್ಕೆ ಅದು ಪ್ರೋಗ್ರಾಂ ಶುರುವಾದಾಗಲೆಲ್ಲ ಬೇರೆ ಬೆಲೆ ಕೊಡುತ್ತದೆ, ನಿನ್ನೆಯ ಋತು ಇವತ್ತು ಮರಳಿ ಬರುವುದಿಲ್ಲ. ಪೂರ್ಣಾಂಕ ಸಂಕೇತಗಳನ್ನೇ ಇಟ್ಟುಕೊಳ್ಳಿ. ಎರಡನೆಯದು ಇನ್ನೂ ಸೂಕ್ಷ್ಮ. ನಂಪೈ ಗಂಟೆಯಾಕಾರದ ಹಂಚಿಕೆಯಿಂದ ಸಂಖ್ಯೆ ತೆಗೆಯಲು ಜಿಗ್ಗುರಾಟ್ ವಿಧಾನ ಬಳಸುತ್ತದೆ. ಅದು ಕೆಲವೊಮ್ಮೆ ತಾನೇ ಆರಿಸಿದ್ದನ್ನು ತಿರಸ್ಕರಿಸಿ ಮತ್ತೊಂದನ್ನು ಕೇಳುತ್ತದೆ. ವೇಗ ಸಿಗುತ್ತದೆ, ನಿಜ. ಆದರೆ ನಮಗೆ ಬೇಕಾದದ್ದು ಒಂದು ಸಂಖ್ಯೆಗೆ ಒಂದೇ ಫಲ. ಆದ್ದರಿಂದ ಸೊನ್ನೆಯಿಂದ ಒಂದರ ನಡುವಿನ ಸಂಖ್ಯೆ ತೆಗೆದು, ಸಂಚಿತ ಹಂಚಿಕೆಯ ವಿಲೋಮದ ಮೂಲಕ ಹಾಯಿಸುತ್ತೇನೆ. ಇದರಿಂದ ಒಂದು ಸುಂದರ ಲಾಭವೂ ಇದೆ: ಅದೇ ಅದೃಷ್ಟದ ಸಂಖ್ಯೆ ಬಂದಾಗ ಉತ್ತಮ ಕಾವಲುಗಾರನ ಫಲ ಸಾಧಾರಣನಿಗಿಂತ ಎಂದೂ ಕೆಟ್ಟದಾಗುವುದಿಲ್ಲ. ವ್ಯತ್ಯಾಸ ಕಂಡರೆ ಅದು ಸಾಮರ್ಥ್ಯದಿಂದಲೇ ಬಂದದ್ದು.

ಮೂರನೆಯದಕ್ಕೆ ಬಹಳ ಒದ್ದಾಡಬೇಕಾಯಿತು. ಒಂದು ಪಾಸ್ ಬೇರೆಯಾದರೆ ಆ ಡ್ರೈವ್‌ನಲ್ಲಿ ಮುಂದಿನದೆಲ್ಲ ಬೇರೆಯಾಗುತ್ತದೆ, ಅದು ಆಟದ ಸ್ವಭಾವ, ತಡೆಯಬಾರದು ಕೂಡ. ಆದರೆ ಮುಂದಿನ ಡ್ರೈವ್ ಹೊತ್ತಿಗೆ ಎರಡೂ ಓಟಗಳು ಮತ್ತೆ ಹೆಜ್ಜೆ ಕೂಡಬೇಕು. ಪಂದ್ಯದ ಒಟ್ಟು ಆಟಗಳನ್ನು ಒಂದರಿಂದ ಎಣಿಸುತ್ತ ಹೋದರೆ ಇದು ಸಾಧ್ಯವಿಲ್ಲ. ಆತಿಥೇಯ ತಂಡದ ಮೂರನೇ ಡ್ರೈವ್, ಅದರ ಎರಡನೇ ಆಟ ಎಂದು ತಂಡವಾರು ಎಣಿಸಿದೆ. ದ್ವಿತೀಯಾರ್ಧದ ಡ್ರೈವ್‌ಗಳನ್ನು ನೂರೊಂದರಿಂದ ಶುರು ಮಾಡಿದೆ, ಮೊದಲಾರ್ಧದಲ್ಲಿ ಒಂದು ಡ್ರೈವ್ ಹೆಚ್ಚು ಕಡಿಮೆಯಾದರೂ ವಿರಾಮದ ನಂತರ ಎಲ್ಲ ಸಾಲಿಗೆ ಬರುತ್ತದೆ. ಈ ಒಂದು ಬದಲಾವಣೆಯ ಮೇಲೆ ಏರಿಳಿತ ಕುಸಿದದ್ದನ್ನು ನೋಡಿ ಕುರ್ಚಿಯಿಂದ ಎದ್ದು ನಿಂತೆ. ರಾತ್ರಿಯಿಡೀ ಓಡಿಸಿದರೂ ಸಿಗದಿದ್ದ ಉತ್ತರ ಈಗ ಊಟ ಮುಗಿಸುವಷ್ಟರಲ್ಲಿ ಸಿಗುತ್ತದೆ.

ಇಲ್ಲಿ ದತ್ತಾಂಶ ಮಾರುವವರ ಬಗ್ಗೆ ಒಂದು ಮಾತು ಹೇಳಲೇಬೇಕು. ಎಂಜಿನ್ನನ್ನು ನೈಜ ಆಟಕ್ಕೆ ಹೊಂದಿಸಲು ಹಳೆಯ ಪಂದ್ಯಗಳ ಆಟವಾರು ದಾಖಲೆಯನ್ನು ದುಡ್ಡು ಕೊಟ್ಟು ತರಿಸಿಕೊಂಡಿದ್ದೆ. ಬಂದ ಕಡತದಲ್ಲಿ ಒಬ್ಬನೇ ಮಾಡಿದ ಟ್ಯಾಕಲ್ ಮತ್ತು ನೆರವಿನ ಟ್ಯಾಕಲ್ ಎರಡನ್ನೂ ಕೂಡಿ ಒಂದೇ ಅಂಕಣಕ್ಕೆ ತುರುಕಿದ್ದರು. ತಡೆದ ಪಾಸ್‌ಗಳ ಅಂಕಣ ಕೆಲವು ವರ್ಷಗಳಿಗೆ ಖಾಲಿ. ದೂರು ಬರೆದರೆ, ಅದೇ ಕಡತಕ್ಕೆ ಹೊಸ ಹೆಸರಿಟ್ಟು ಮರಳಿ ಕಳಿಸಿದರು! ಖಾಲಿ ಮನೆಯನ್ನು ಸೊನ್ನೆ ಎಂದು ಓದಿಕೊಳ್ಳುವ ಪ್ರೋಗ್ರಾಂಗೆ ಇದಕ್ಕಿಂತ ವಿಷ ಬೇರೊಂದಿಲ್ಲ. ದತ್ತಾಂಶ ಇಲ್ಲದಿದ್ದರೆ ಇಲ್ಲ ಎಂದು ಬರೆಯುವ ಪ್ರಾಮಾಣಿಕತೆಯನ್ನು ಮಾರಾಟಗಾರರಿಂದ ನಿರೀಕ್ಷಿಸುವುದು ಅತಿಯಾಸೆಯಲ್ಲ.

ಇರಲಿ, ಫಲಿತಾಂಶಕ್ಕೆ ಬರುತ್ತೇನೆ. ಹೊಸ ಅಳತೆಯಲ್ಲಿ ಕಾರ್ನರ್‌ಬ್ಯಾಕ್‌ಗಳ ಪೈಕಿ 417 ಮೊದಲಿಗ, ಎರಡನೆಯವನು ಬಹಳ ಹಿಂದೆ. ವೃತ್ತಿಜೀವನದ ಇಂಟರ್‌ಸೆಪ್ಷನ್‌ಗಳಲ್ಲಿ ಮೊದಲಿದ್ದವನು ಒಬ್ಬ ಸೇಫ್ಟಿ, ಈಗ ನಡುಮಧ್ಯಕ್ಕೆ ಬಂದು ಕೂತ. ಅವನ ಮುಂದೆ ಭಯಂಕರವಾದ ಪಾಸ್ ರಶ್ (ಎಸೆಯುವವನ ಮೇಲೆ ನುಗ್ಗುವ ಪಡೆ) ಇತ್ತು, ಅವಸರದಲ್ಲಿ ಎಸೆದ ಚೆಂಡುಗಳು ಅವನ ಕೈಗೆ ಬೀಳುತ್ತಿದ್ದವು.

ಟ್ಯಾಕಲ್ ಪಟ್ಟಿಗಾದದ್ದು ನನಗೆ ಹೆಚ್ಚು ಖುಷಿ ಕೊಟ್ಟ ಸಂಗತಿ. ಲೀಗಿನಲ್ಲಿ ಅತಿ ಹೆಚ್ಚು ಟ್ಯಾಕಲ್ ಮಾಡಿದ ಲೈನ್‌ಬ್ಯಾಕರ್‌ನನ್ನು (ರಕ್ಷಣಾ ಸಾಲಿನ ಹಿಂದೆ ನಿಲ್ಲುವವನನ್ನು) ತೆಗೆದು ಸಾಧಾರಣನನ್ನು ನಿಲ್ಲಿಸಿದರೆ ತಂಡಕ್ಕೆ ಹೆಚ್ಚೇನೂ ಆಗುವುದಿಲ್ಲ, ಆ ಟ್ಯಾಕಲ್‌ಗಳು ಪಕ್ಕದವನ ಹೆಸರಿಗೆ ಹೋಗುತ್ತವೆ ಅಷ್ಟೆ. ಚೆಂಡು ಹಿಡಿದು ಓಡುವವನನ್ನು ಯಾರಾದರೊಬ್ಬರು ಕೆಡವಲೇಬೇಕಲ್ಲ! ಕೆಟ್ಟ ತಂಡದಲ್ಲಿ ರಕ್ಷಣಾ ಪಡೆ ಮೈದಾನದಲ್ಲೇ ಹೆಚ್ಚು ಹೊತ್ತು ಇರುತ್ತದೆ, ಟ್ಯಾಕಲ್ ಬೆಳೆಯುತ್ತದೆ. ಕಾರ್ನರ್‌ಬ್ಯಾಕ್ ಒಬ್ಬನಿಗೆ ಟ್ಯಾಕಲ್ ಜಾಸ್ತಿ ಇದ್ದರೆ ಅವನ ಎದುರಿನ ರಿಸೀವರ್ ಚೆಂಡು ಹಿಡಿಯುತ್ತಲೇ ಇದ್ದಾನೆ ಎಂದೂ ಅರ್ಥವಾಗಬಹುದು. ಎಷ್ಟು ಗಜ ದಾಟಿದ ಮೇಲೆ ಕೆಡವಿದ ಎಂಬುದನ್ನು ಹೇಳದ ಟ್ಯಾಕಲ್ ಎಣಿಕೆಯನ್ನು ನಾನು ವೃತ್ತಿಜೀವನದ ಹೋಲಿಕೆಯಿಂದ ಕಿತ್ತೇ ಹಾಕಿದ್ದೇನೆ.

ಡಿಫೆನ್ಸಿವ್ ಎಂಡ್‌ಗಳ ವಿಷಯದಲ್ಲಿ ಹೊಸ ತಲೆನೋವು ಎದ್ದಿದೆ. ದೊಡ್ಡ ಸ್ಯಾಕ್ ಸರದಾರನನ್ನು ತೆಗೆದರೆ ಅವನ ಹಿಂದಿದ್ದವರ ಇಂಟರ್‌ಸೆಪ್ಷನ್‌ಗಳೂ ಕರಗುತ್ತವೆ. ಅತ್ತ 417ನನ್ನು ತೆಗೆದರೆ ಎಂಡ್‌ಗಳ ಸ್ಯಾಕ್ ಇಳಿಯುತ್ತದೆ, ಏಕೆಂದರೆ ಮೊದಲ ನೋಟದಲ್ಲೇ ಎಸೆಯುವ ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿಯಲು ಯಾರಿಗೂ ಸಮಯ ಸಿಗುವುದಿಲ್ಲ. ಒಂದೇ ಫಲ ಇಬ್ಬರ ಖಾತೆಗೂ ಪೂರ್ತಿ ಜಮೆಯಾಗುತ್ತಿದೆ. ಎಲ್ಲರ ಬೆಲೆ ಕೂಡಿದರೆ ತಂಡದ ಒಟ್ಟು ಬೆಲೆಯನ್ನು ಮೀರುತ್ತದೆ. ನ್ಯಾಯವಾಗಿ ಹಂಚಲು ಶಾಪ್ಲಿ ಮೌಲ್ಯವೆಂಬ ಗಣಿತದ ಲೆಕ್ಕವಿದೆ, ಆದರೆ ಹನ್ನೊಂದು ಮಂದಿಯಲ್ಲಿ ಯಾರಿದ್ದಾರೆ, ಯಾರ ಜಾಗದಲ್ಲಿ ಸಾಧಾರಣನಿದ್ದಾನೆ ಎಂಬ ಎಲ್ಲ ಜೋಡಣೆಗಳು 2048. ಪ್ರತಿ ಜೋಡಣೆಗೂ ಪೂರ್ತಿ ಋತು ಆಡಿಸಬೇಕು.

ಕಬಡ್ಡಿಯಲ್ಲಾದರೆ ಏಳೇ ಮಂದಿ, 128 ಜೋಡಣೆ! ಈ ಲೆಕ್ಕ ಹಾಕಿದ ಕ್ಷಣದಿಂದ ಮುಂದಿನ ಯೋಜನೆ ತಲೆಯಲ್ಲಿ ಕುಣಿಯುತ್ತಿದೆ. ಆಟವೂ ಸಿಮ್ಯುಲೇಷನ್‌ಗೆ ಹೇಳಿ ಮಾಡಿಸಿದಂತಿದೆ: ರೇಡ್‌ಗೆ 30 ಸೆಕೆಂಡ್ ಮಿತಿ, ತಂಡಗಳಿಗೆ ಸರದಿಯಂತೆ ಅವಕಾಶ, ಎರಡು ಖಾಲಿ ರೇಡ್ ಆದ ಮೇಲೆ ಮೂರನೆಯದು ಮಾಡು ಇಲ್ಲವೇ ಮಡಿ. ಅಂಕಣದಲ್ಲಿ ಮೂರು ಅಥವಾ ಅದಕ್ಕಿಂತ ಕಡಿಮೆ ಮಂದಿ ಇದ್ದಾಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಅಂದರೆ ಸೋಲುತ್ತಿರುವ ತಂಡದ ಡಿಫೆಂಡರ್‌ಗೆ ಹೆಚ್ಚಿನ ಅಂಕ ಗಳಿಸುವ ಸಂದರ್ಭಗಳೂ ಹೆಚ್ಚು. ವೃತ್ತಿಜೀವನದ ಟ್ಯಾಕಲ್ ಅಂಕಗಳಲ್ಲಿ 500 ದಾಟಿದ ಇರಾನಿನ ಫಜಲ್ ಅತ್ರಾಚಲಿಯನ್ನು ಬೇರೆ ಕಾರ್ನರ್‌ಗಳ ಜೊತೆ ಹೋಲಿಸುವಾಗ ಇದನ್ನೆಲ್ಲ ಬಿಡಿಸಿ ನೋಡಬೇಕೆಂಬುದು ನನ್ನ ಆಸೆ. ರೇಡರ್ ಎಡ ಕಾರ್ನರ್‌ನನ್ನು ಬಿಟ್ಟು ಬಲಕ್ಕೇ ಪದೇ ಪದೇ ನುಗ್ಗುತ್ತಿದ್ದರೆ ಎಡದವನು ಅಲ್ಲಿ ಏನೋ ಮಾಡುತ್ತಿದ್ದಾನೆ ಎಂದೇ ಅರ್ಥ, ಸ್ಕೋರ್‌ಕಾರ್ಡ್ ಅದನ್ನು ಹೇಳದಿದ್ದರೂ.

ಆ ದಾಖಲೆಯನ್ನು ಯಾರೂ ಮಾರುತ್ತಿಲ್ಲ, ನಾವೇ ಮಾಡಬೇಕು. ಬೆಂಗಳೂರು ಬುಲ್ಸ್ ಪಂದ್ಯಗಳ ವಿಡಿಯೊ ನೋಡುತ್ತ ನಾನು ಆರಂಭಿಸಿದ್ದೇನೆ. ಪ್ರತಿ ರೇಡ್‌ಗೆ ನಾಲ್ಕೇ ಕಾಲಂ: ಆಟದ ಅಂಕಣದಲ್ಲಿರುವ ಡಿಫೆಂಡರ್‌ಗಳ ಸಂಖ್ಯೆ, ರೇಡರ್ ಬಾಕ್ ಲೈನ್ ದಾಟಿದ ಬದಿ, ಕೈ ಅಥವಾ ಕಾಲು ಚಾಚಿದ ಬದಿ, ಫಲಿತಾಂಶ. ಬದಿಯನ್ನು ಡಿಫೆಂಡರ್‌ನ ಎಡ ಬಲದಿಂದಲೇ ಬರೆಯಿರಿ, ಕ್ಯಾಮೆರಾದ ಎಡ ಬಲದಿಂದ ಬೇಡ, ಏಕೆಂದರೆ ವಿರಾಮದ ನಂತರ ತಂಡಗಳು ಅಂಕಣ ಬದಲಿಸುತ್ತವೆ. ಗೊತ್ತಾಗದ ರೇಡ್‌ಗಳಿಗೆ ಸೊನ್ನೆ ಹಾಕದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಒಂದೊಂದು ಪಂದ್ಯ ಹಂಚಿಕೊಳ್ಳಲು ಆಸಕ್ತಿ ಇರುವವರು ತಿಳಿಸಿದರೆ, ಒಂದೇ ಪಂದ್ಯವನ್ನು ಇಬ್ಬರು ಬರೆಯದಂತೆ ಪಟ್ಟಿ ಮಾಡಿ ಕಳಿಸುತ್ತೇನೆ.